ಓನರ್ರಿಗೆ ಉಪಚಾರಮ್ಮನ ಉಪ್ಪಿಟ್ಟು

"ಅತ್ತೆ, ಕಣ್ಣು ಮುಚ್ಕೊಳ್ಳಿ!" ಅಂದ್ಲು ನಮ್ಮ ಸೊಸೆ ವಿಶಾಲಾಕ್ಷಿ.

ಅವಳು ಹಾಗಂದಾಗಲೆಲ್ಲ ನನ್ನ ಅಡುಗೆಮನೆಯಿಂದ ಒಂದು ಪಾತ್ರೆ ಕಾಣೆಯಾಗಿರುತ್ತೆ. ಕಣ್ಣು ಮುಚ್ಚೋ ಬದಲು ಕಪಾಟು ನೋಡಿದೆ. ಅಂದ್ಕೊಂಡ ಹಾಗೇ ನನ್ನ ದೊಡ್ಡ ಕುಕ್ಕರ್ ಮಾಯ!

ಅದು ಹಾಲ್ ಮಧ್ಯೆ ನಿಂತಿತ್ತು. ಕುಕ್ಕರ್ರೇ ಹೊಟ್ಟೆ. ಮೊಮ್ಮಗಳು ಇಂಚರಳ ಹಳೇ ಸೈಕಲ್ ಗಾಲಿಗಳೇ ಕಾಲು. ಮುರಿದ ಛತ್ರಿ ಕಡ್ಡಿಗಳು ಕೈ, ಟೀ ಸೋಸೋ ಜರಡಿಗಳು ಕಿವಿ. ನಮ್ಮ ವಿಶಾಲು ಗುಜರಿ ಅಂಗಡಿ ಮುಂದೆ ಹಾದ್ರೆ ಬರಿಗೈಲಿ ಮನೆಗೆ ಬಂದವಳೇ ಅಲ್ಲ. ಅಡುಗೆ ಸೊಗಸಾಗಿ ಮಾಡ್ತಾಳೆ, ಮಗಳನ್ನ ಮುದ್ದಾಗಿ ಸಾಕ್ತಾಳೆ, ಇದೊಂದು ಹುಚ್ಚು ಬಿಟ್ರೆ ಅಪರಂಜಿ.

"ಇದರ ಹೆಸರು ಉಪಚಾರಮ್ಮ! ಯಾರಾದ್ರೂ 'ಬರ್ತೀನಿ' ಅಂದ್ರೆ ಆಯ್ತು, ಚಪ್ಪಲಿ ತೆಗೆದಿಡುತ್ತೆ, ಸೊಳ್ಳೆ ನುಗ್ಗದ ಹಾಗೆ ಬಾಗಿಲು ಹಾಕುತ್ತೆ, ಕೂರಿಸಿ ಬಿಸಿಬಿಸಿ ಉಪ್ಪಿಟ್ಟು ಕಾಫಿ ಕೊಡುತ್ತೆ. ಸ್ಕೂಟರ್ ಬ್ಯಾಟರಿ ಮೇಲೆ ಓಡೋದು, ಕರೆಂಟ್ ಹೋದ್ರೂ ನಿಲ್ಲಲ್ಲ!"

"ಮಾತು ಹೇಗೇ ಅರ್ಥ ಆಗುತ್ತೆ ಅದಕ್ಕೆ?"

"ನೀವು ಫೋನಲ್ಲಿ ಮಾತಾಡೋದನ್ನ ತಿಂಗಳುಗಟ್ಲೆ ಕೇಳಿಸಿದೀನಿ ಅತ್ತೆ. ಯಾವ ಮಾತಿಗೆ ನೀವು ಏನು ಮಾಡ್ತೀರೋ, ಅದೂ ಅದನ್ನೇ ಮಾಡುತ್ತೆ."

ನನಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕ್ಕೊಂಡೇ ಮಾತಾಡೋದು. ನೆಂಟರು ಫೋನಲ್ಲಿ 'ಬರ್ತೀವಿ' ಅಂದ್ರೆ ಕೂತಲ್ಲಿಂದಲೇ "ವಿಶಾಲೂ, ಉಪ್ಪಿಟ್ಟಿಗಿಡೇ!" ಅಂತ ಕೂಗೋದೂ ನಿಜ. ಕದ್ದು ಕೇಳಿಸಿದಾಳಲ್ಲ ಅಂತ ಸಿಟ್ಟು ಬಂತು. ಆದರೂ ಊರಲ್ಲಿ ಇಷ್ಟು ಜನ ಇರೋವಾಗ ನನ್ನ ಮಾತನ್ನೇ ಆರಿಸ್ಕೊಂಡ್ಳಲ್ಲ ಅಂತ ಒಳಗೊಳಗೇ ಖುಷಿಯಾಯ್ತು. ಸುಳ್ಳು ಯಾಕೆ ಹೇಳಲಿ!

ನನ್ನ ಮಗ ಸತೀಶ ಗೇಟಿನ ಹತ್ರ ಹೋಗಿ "ಬರ್ತೀನಮ್ಮಾ" ಅಂದ. ಉಪಚಾರಮ್ಮ ಗಡಗಡ ಓಡ್ತು. "ಬನ್ನಿ ಬನ್ನಿ! ಎಷ್ಟು ದಿನ ಆಯ್ತು ನೋಡಿ! ಸೊರಗಿಹೋಗಿದೀರಲ್ಲ!" ಥೇಟ್ ನನ್ನದೇ ರಾಗ! ಸತೀಶ ಕೂರೋದರೊಳಗೆ ತಟ್ಟೆ ಕೈಗೆ ಬಂತು. ಉಪ್ಪಿಟ್ಟು ಉದುರುದುರಾಗಿತ್ತು, ಗಂಟಿಲ್ಲ, ಗೋಡಂಬಿ ಕೆಂಪಗಿತ್ತು. ಇಂಚರ ಚಪ್ಪಾಳೆ ಹೊಡೆದ್ಲು.

ಇಷ್ಟೆಲ್ಲ ಯಾರಿಗೋಸ್ಕರ ಅಂದ್ರೆ, ನಮ್ಮ ಮನೆ ಓನರ್ ಗುರುಸಿದ್ದಯ್ಯನವರಿಗೋಸ್ಕರ. ಅವರು ಪಕ್ಕದ ಮನೇಲೇ ಇರೋದು. ವಿಶಾಲು ಸುತ್ತಿಗೆ ಸದ್ದು ಕೇಳಿ ಕೇಳಿ ರೋಸಿಹೋಗಿ, "ಭಾನುವಾರ ಬಂದು ಮಾತಾಡ್ತೀನಿ" ಅಂದಿದ್ರು. ಓನರ್ರು ಬಂದು ಮಾತಾಡ್ತೀನಿ ಅಂದ್ರೆ ಇನ್ನೇನು, ಮನೆ ಖಾಲಿ ಮಾಡಿ ಅಂತಲೇ ಅಲ್ವಾ? ಇವಳ ಯಂತ್ರಗಳ ದೆಸೆಯಿಂದ ಹಿಂದಿನ ಮನೆಗಳನ್ನೂ ಹೀಗೇ ಬಿಟ್ಟಿದ್ವಿ. ಇಲ್ಲಿ ನನಗೆ ಕಾಲು ಚಾಚ್ಕೊಂಡು ಬಿಸಿಲು ಕಾಯೋಕೆ ಜಗಲಿ ಇದೆ, ಇಂಚರಳ ಶಾಲೆ ಎದುರಿಗೇ ಇದೆ, ಮಾತಿಗೆ ಓನರಮ್ಮ ನೀಲಮ್ಮ ಇದಾರೆ. ಈ ಮನೆ ಬಿಡೋಕೆ ನನಗೆ ಸುತರಾಂ ಇಷ್ಟ ಇರಲಿಲ್ಲ.

"ಹೊಟ್ಟೆ ತುಂಬಾ ತಿಂದವರಿಗೆ ಖಾಲಿ ಮಾಡಿ ಅನ್ನೋಕೆ ಬಾಯಿ ಬರುತ್ತಾ ಅತ್ತೆ?"

"ಹಾಗಾದ್ರೆ ಕೈಯಾರೆ ಮಾಡಿ ಕೊಡೇ ಮಹರಾಯ್ತಿ!"

"ನೋಡ್ತಾ ಇರಿ!"

ಭಾನುವಾರ ಗುರುಸಿದ್ದಯ್ಯನವರು ಮುಖ ಗಂಟು ಹಾಕ್ಕೊಂಡೇ "ಒಳಗೆ ಬರ್ತೀನಮ್ಮ" ಅಂತ ಬಂದ್ರು. ಉಪಚಾರಮ್ಮ ಅವರ ಹೊಸ ಚಪ್ಪಲಿ ಎತ್ತಿ ಕಪಾಟಿಗೆ ಸೇರಿಸ್ತು, ಬಾಗಿಲು ಹಾಕ್ತು, ಕುರ್ಚಿ ತಂದು ಮೊಣಕಾಲ ಹಿಂದೆ ಒತ್ತಿ ಕೂರಿಸ್ತು. ಉಪ್ಪಿಟ್ಟು ಬಾಯಿಗೆ ಹೋದದ್ದೇ ಅವರ ಮುಖ ಸಡಿಲವಾಯ್ತು. ತಟ್ಟೆ ಬಳಿದು ತಿಂದ್ರು, ಕಾಫಿ ಸೊರ್ ಅಂತ ಹೀರಿದ್ರು. ನಾನು ಗೆದ್ವಿ ಅಂದ್ಕೊಂಡೆ.

"ಉಪ್ಪಿಟ್ಟು ಬೊಂಬಾಟ್ ಕಣಮ್ಮ. ಆದ್ರೂ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬಿಡಿ" ಅಂದ್ರು! ವಿಶಾಲು ಮುಖ ಸಪ್ಪಗಾಯ್ತು. ಅವರು ಪಂಚೆ ಕೊಡವಿ ಎದ್ದು, ಮರ್ಯಾದಸ್ಥರ ಹಾಗೆ ಕೈ ಮುಗಿದು, "ಸರಿ, ನಾನು ಬರ್ತೀನಿ" ಅಂದ್ರು.

"ಬನ್ನಿ ಬನ್ನಿ! ಎಷ್ಟು ದಿನ ಆಯ್ತು ನೋಡಿ!" ಅಂತು ಉಪಚಾರಮ್ಮ. ಚಿಲಕ ಇನ್ನೊಮ್ಮೆ ಬಿಗಿ ಮಾಡ್ತು. ಕುರ್ಚಿ ಮೊಣಕಾಲಿಗೆ ಬಂತು. ಧಪ್! ಮತ್ತೆ ಉಪ್ಪಿಟ್ಟು!

"ಅಯ್ಯೋ, ನಾನು ಬಂದಾಯ್ತು ಕಣಮ್ಮ, ಈಗ ಹೋಗಿ ಬರ್ತೀನಿ!"

"ಬನ್ನಿ ಬನ್ನಿ! ಸೊರಗಿಹೋಗಿದೀರಲ್ಲ!" ಈ ಸಲ ತಟ್ಟೇಲಿ ಗುಡ್ಡೆ ಇತ್ತು. ಉಪಚಾರದ ಮುಂದೆ ಬೇಡ ಅನ್ನಲಾರದ ಸ್ವಭಾವ ಅವರದು, ಅದನ್ನೂ ತಿಂದ್ರು ಪಾಪ.

"ಸ್ವಿಚ್ ಎಲ್ಲೇ?" ಅಂತ ಸೊಸೆ ಕಿವೀಲಿ ಕೇಳಿದೆ.

"ಕುಕ್ಕರ್ ತಳದಲ್ಲಿದೆ ಅತ್ತೆ. ಕಾದು ಕೆಂಡ ಆಗಿದೆ!"

"ಸ್ವಾಮೀ, ಹಿತ್ತಲ ಬಾಗಿಲಿಂದ ದಯಮಾಡಿಸಿ" ಅಂದೆ ನಾನು.

"ಏನಂದ್ರಿ? ನನ್ನ ಮನೇಲಿ ನಾನು ಹಿತ್ತಲಿಂದ ಓಡಬೇಕಾ? ಅದೂ ಬರಿಗಾಲಲ್ಲಿ! ಲೇ ಯಂತ್ರ, ನಾನು ಹೊರಟೆ, ಬಾಗಿಲು ತೆಗಿ!"

ದೂರದ ನೆಂಟರು 'ಹೊರಟ್ವಿ' ಅಂತ ಫೋನ್ ಮಾಡಿದ್ರೆ ನಾನು ಕಾಲಿಗೆ ನೀರಿಡು ಅಂತೀನಿ ನೋಡಿ. ಉಪಚಾರಮ್ಮ ಒಂದು ಬಕೆಟ್ ನೀರು ತಂದು ಅವರ ಕಾಲಿಗೆ ಸುರೀತು. ಪಂಚೆ ಮೊಣಕಾಲ ತನಕ ತೊಪ್ಪೆ!

"ಸಾರ್, 'ಹೋಗ್ತೀನಿ' ಅಂತ ಒಂದು ಮಾತು ಅಂದ್ಬಿಡಿ" ಅಂದ ಸತೀಶ.

"ಬಿಡ್ತು ಅನ್ನೋ!" ಅಂದೆ ನಾನು. ಮನೆಗೆ ಬಂದ ಹಿರಿಯರ ಬಾಯಲ್ಲಿ ಆ ಮಾತು ಆಡಿಸೋದಾ!

ಓನರ್ರೂ ಬೆಚ್ಚಿಬಿದ್ದು, "ನಿನ್ನೆ ತಾನೇ ಬಿ.ಪಿ. ತೋರಿಸ್ಕೊಂಡು ಬಂದಿದೀನಿ, ನನ್ನ ಕೈಲಿ ಹಾಗನ್ನಿಸ್ತೀಯೇನಯ್ಯಾ?" ಅಂದ್ರು. ಅಷ್ಟರಲ್ಲಿ ಇನ್ನೊಂದು ತಟ್ಟೆ ಬಂತು. ಅದನ್ನ ಕಂಡು ಹೊಟ್ಟೆ ಹಿಡ್ಕೊಂಡು ಕುಸಿದು, "ಅಯ್ಯಯ್ಯೋ, ಹೋದೆ ಕಣ್ರಪ್ಪೋ!" ಅಂತ ನರಳಿದ್ರು.

ಉಪಚಾರಮ್ಮ ಗಕ್ಕನೆ ನಿಂತಿತು. ಫೋನಲ್ಲಿ ಯಾರೋ ಹೋದ್ರು ಅಂದಾಗ ನಾನು ಹೇಗೆ ಅಳ್ತೀನೋ ಹಾಗೇ ಬೀದಿಗೆಲ್ಲ ಕೇಳೋ ಹಾಗೆ ಶುರು ಮಾಡ್ತು. "ಅಯ್ಯೋ, ಹೋಗ್ಬಿಟ್ರಾ! ಮೊನ್ನೆ ತಾನೇ ಗಟ್ಟಿಮುಟ್ಟಾಗಿದ್ರಲ್ಲ! ಎಷ್ಟೊತ್ತಿಗೆ ಹೋದ್ರು? ಒಳ್ಳೇ ಮನುಷ್ಯ, ಸ್ವಲ್ಪ ಮುಂಗೋಪಿ!"

ಆಚೆ ಮನೆಯಿಂದ ನೀಲಮ್ಮ ಎದೆ ಬಡ್ಕೊಂಡು ಓಡಿಬಂದು ಕಿಟಕಿ ಹಿಡಿದ್ರು. "ರೀ! ಇದೀರಾ?"

"ಇದೀನಿ ಕಣೇ!" ಅಂದ್ರು ಮೀಸೆಗೆ ರವೆ ಅಂಟಿಸ್ಕೊಂಡಿದ್ದ ಓನರ್ರು.

ನೀಲಮ್ಮ ಉಸಿರು ಬಿಟ್ಟು, ಆಮೇಲೆ ಬಾಯಿಗೆ ಸೆರಗು ಒತ್ಕೊಂಡು ನಗೋಕೆ ಶುರು ಮಾಡಿದ್ರು. ಇಂಚರಾನೂ ನಕ್ಲು. ಗುರುಸಿದ್ದಯ್ಯನವರಿಗೆ ಉರಿದುಹೋಯ್ತು. ಎದ್ದು ನಿಂತು ಗುಡುಗಿದ್ರು. "ಈ ಮನೆಗೆ ಇನ್ನು ಜನ್ಮದಲ್ಲಿ ನಾನು ಬರಲ್ಲ!"

ಉಪಚಾರಮ್ಮನ ಅಳು ನಿಂತಿತು. "ಬರಲ್ವಾ? ಯಾಕೆ ಬರಲ್ಲ?" ಅಂತು. ನಾನೂ ಫೋನಲ್ಲಿ ಯಾರನ್ನೂ ಸುಲಭಕ್ಕೆ ಬಿಡೋಳಲ್ಲ.

"ಬರಲ್ಲ ಅಂದ್ರೆ ಬರಲ್ಲ!"

"ಹಬ್ಬಕ್ಕಾದ್ರೂ ಬರಲ್ವಾ?"

"ಬರಲ್ಲ!"

"ಏನಾದ್ರೂ ಕೆಲಸ ಬಿದ್ರೆ?"

"ಯಾವ ಕೆಲಸಕ್ಕೂ ಬರಲ್ಲ! ಮನೆ ಖಾಲಿ ಮಾಡಿಸೋಕೂ ಬರಲ್ಲ! ನೀವೇ ಇಟ್ಕೊಳ್ಳಿ, ನನ್ನ ಬಿಟ್ಬಿಡಿ!"

"ವಿಶಾಲೂ, ಅವರು ಬರಲ್ವಂತೆ, ಒಲೆ ಆರಿಸೇ" ಅಂತು ಉಪಚಾರಮ್ಮ. ಕುಕ್ಕರ್ ತಣ್ಣಗಾಯ್ತು, ಚಪ್ಪಲಿ ಕಾಲ ಹತ್ರ ಬಂತು, ಬಾಗಿಲು ತೆಗೀತು. ಓನರ್ರು ತಿರುಗಿ ನೋಡದೆ ನಡೆದ್ರು.

ನೀಲಮ್ಮ ಮಾತ್ರ ಒಳಗೆ ಬಂದು ಕೂತ್ರು. "ಮನೆ ಖಾಲಿ ಮಾಡಿಸೋಕೂ ಬರಲ್ಲ ಅಂದ್ರಲ್ಲ, ನಾನೇ ಸಾಕ್ಷಿ. ಎಲ್ಲಿ, ನನಗೊಂದು ತಟ್ಟೆ ಕೊಡಮ್ಮ ವಿಶಾಲು!" ಅಂದ್ರು. ನನಗೆ ಅವರನ್ನ ತಬ್ಕೊಳ್ಳೋಣ ಅನ್ನಿಸ್ತು, ತಬ್ಕೊಂಡೇಬಿಟ್ಟೆ. ವಿಶಾಲು ಕಣ್ಣು ಒರೆಸ್ಕೊಂಡು ತಾನೇ ಕೈಯಾರೆ ಒಗ್ಗರಣೆ ಹಾಕಿದ್ಲು.

ತಿಂಗಳ ಕೊನೆ ಬಂತು, ಹೋಯ್ತು. ನಾವು ಇಲ್ಲೇ ಇದೀವಿ. ಆದರೆ ಈಗ ಬಚ್ಚಲ ನಲ್ಲಿ ಕೆಟ್ಟು ಸೋರ್ತಾ ಇದೆ. ಬಂದು ನೋಡಿ ಅಂತ ಕಾಂಪೌಂಡ್ ಹತ್ರ ನಿಂತು ಕರೆದ್ರೆ ಓನರ್ರು ಆಚೆಯಿಂದಲೇ "ನಾನು ಬರಲ್ಲ!" ಅಂತ ಕೂಗ್ತಾರೆ. ಅದು ಕಿವಿಗೆ ಬಿದ್ದದ್ದೇ ತಡ, ಉಪಚಾರಮ್ಮ ಓಡಿಹೋಗಿ ನಮ್ಮ ಒಲೆ ಆರಿಸಿಬಿಡುತ್ತೆ! ಈ ವಾರವೆಲ್ಲ ಅರೆಬೆಂದ ಅನ್ನವೇ ಗತಿ. ಏನು ಮಾಡೋದು, ಕೊಟ್ಟ ಮಾತಿಗೆ ಇಷ್ಟು ಬದ್ಧವಾಗಿರೋ ಓನರ್ರು ಬೇರೆ ಕಡೆ ಸಿಗಬೇಕಲ್ಲ!