ಎಡಗಾಲಿನ ಮರದ ಚಪ್ಪಲಿ

ಇಷ್ಟಕ್ಕೆಲ್ಲ ಕಾರಣ ಒಂದು ಬೇಸ್‌ಬಾಲ್ ಪಂದ್ಯ. ಅದು ಹೊತ್ತಿಗೆ ಸರಿಯಾಗಿ ಮುಗಿದಿದ್ದರೆ ಕುಸಾಕಾ ಮೋರಿಯೊ ಮರುದಿನವೂ ಎಂದಿನಂತೆ ತೋಫು ಮಾರಿಕೊಂಡು ಹಾಯಾಗಿರುತ್ತಿದ್ದ. ಆದರೆ ಎರಡು ತಂಡಗಳೂ ಕೊನೆಯಲ್ಲಿ ಸಮಸಮವಾಗಿ ಜಗ್ಗಾಡಿದವು. ಟೀವಿಯವರು ಪಂದ್ಯವನ್ನು ಎಳೆದರು. ಅದರ ಬೆನ್ನಿಗೆ ಎಂಟಕ್ಕೆ ಬರಬೇಕಾಗಿದ್ದ ‘ಬಂದರು ಠಾಣೆ’ ಧಾರಾವಾಹಿ ಅರ್ಧ ಗಂಟೆ ತಡವಾಗಿ ಶುರುವಾಯಿತು. ಇದೆಲ್ಲ ವಿಡಿಯೋ ರೆಕಾರ್ಡರಿಗೆ ಗೊತ್ತಾಗುವುದು ಹೇಗೆ? ಎಂಟಕ್ಕೆ ಶುರು ಮಾಡು, ಒಂಬತ್ತಕ್ಕೆ ನಿಲ್ಲಿಸು ಅಂದಿದ್ದಕ್ಕೆ ಅದು ಎಂಟಕ್ಕೆ ಶುರು ಮಾಡಿ ಒಂಬತ್ತಕ್ಕೆ ನಿಲ್ಲಿಸಿತ್ತು.

ಬೇಸ್‌ಬಾಲ್ ಇರುವ ದಿನ ಟೇಪನ್ನು ಅರ್ಧ ಗಂಟೆ ಜಾಸ್ತಿ ಓಡಿಸಬೇಕೆಂಬುದು ಹಮಾಸೆ ಊರಿನ ಚಿಕ್ಕ ಮಕ್ಕಳಿಗೂ ತಿಳಿದ ವಿಷಯ. ಮೋರಿಯೊ ಮಾತ್ರ ಗುಂಡಿ ಒತ್ತಿ, ದೊಡ್ಡ ಕೆಲಸ ಮುಗಿಸಿದವನಂತೆ ಹೋಗಿ ಮಲಗಿಬಿಟ್ಟಿದ್ದ. ತೋಫು ಮಾಡುವವನು ಊರು ಏಳುವ ಮೊದಲೇ ಏಳಬೇಕು, ಅವನಿಗೆ ಎಂಟು ಗಂಟೆಯೆಂದರೆ ಒಳ್ಳೆಯ ನಿದ್ದೆಯ ಹೊತ್ತು.

ಬೆಳಗಿನ ವ್ಯಾಪಾರ ಮುಗಿದ ಮೇಲೆ, ನೋಡೇಬಿಡೋಣ ಎಂದು ಟೇಪ್ ಹಾಕಿದ. ಮೊದಲರ್ಧ ದಾಂಡು ಹಿಡಿದವರು ಓಡಾಡಿದರು. ಆಮೇಲೆ ಬಿಸಿನೀರ ಬುಗ್ಗೆಯ ಛತ್ರದ ಮಾಲೀಕ ತನ್ನ ಕೊಳದಲ್ಲಿ ತಾನೇ ಬೋರಲು ಬಿದ್ದು ತೇಲಿದ. ಅವನ ಎರಡನೇ ಹೆಂಡತಿ ಅತ್ತಳು, ಡಾಕ್ಟರು ಕನ್ನಡಕ ಒರೆಸಿಕೊಂಡ, ಸತ್ತವನ ತಮ್ಮನೊಬ್ಬ ಕಾರಿನ ಬಾಗಿಲು ಬಡಿದ, ಅಡಿಗೆಯ ಮುದುಕಿ ಎಲ್ಲರಿಗೂ ಟೀ ಕೊಟ್ಟಳು. ಇನ್‌ಸ್ಪೆಕ್ಟರ್ ತಾಚಿಗಿ ಸತ್ತವನ ಎಡಗಾಲಿನ ಮರದ ಚಪ್ಪಲಿಯನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು, ಒಂದು ಸಲ ಮೂಸಿದ. ಹುಬ್ಬು ಮೇಲೇರಿತು.

“ಓಹೋ!” ಎಂದ.

ಅಷ್ಟೇ. ತೆರೆಯ ತುಂಬ ಬಿಳಿ ಚುಕ್ಕೆಗಳು ಜುಯ್ಯೆಂದವು.

ಮೋರಿಯೊ ಟೇಪನ್ನು ಮುಂದಕ್ಕೆ ಓಡಿಸಿ ನೋಡಿದ, ಅಲ್ಲೂ ಚುಕ್ಕೆಗಳೇ. ಅವನು ಕುಸಾಕಾ ಮನೆತನದ ಮನೆಅಳಿಯ. ಅಂಗಡಿ ಅತ್ತೆಯದು, ಮನೆ ಅತ್ತೆಯದು, ಕುಸಾಕಾ ಎಂಬ ಹೆಸರು ಕೂಡ ಅತ್ತೆಯ ಕಡೆಯಿಂದ ಬಂದದ್ದು. ಆ ಅತ್ತೆ ಕಿಯೊನೊ ಕಳೆದ ವಾರ ಅಂಗಡಿಯ ಒದ್ದೆ ನೆಲದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಹೋಗುವಾಗ ಅಳಿಯನಿಗೆ ಎರಡೇ ಕೆಲಸ ಹೇಳಿದ್ದಳು. ಒಂದು, ತನ್ನ ಅಜ್ಜಿಯ ಕಾಲದಿಂದ ಬಂದ ಉಪ್ಪಿನಕಾಯಿಗೆ ತರಕಾರಿ ಹೂತಿಡುವ ತೊಟ್ಟಿಯ ಹುಳಿ ತೌಡನ್ನು ದಿನಾ ಕೈಹಾಕಿ ಮಗುಚಬೇಕು, ಇಲ್ಲವಾದರೆ ಹಾಳಾಗುತ್ತದೆ. ಎರಡು, ‘ಬಂದರು ಠಾಣೆ’ಯನ್ನು ರೆಕಾರ್ಡ್ ಮಾಡಬೇಕು. ಇಪ್ಪತ್ತೊಂದು ವರ್ಷಗಳಲ್ಲಿ ಅವಳು ಅದರ ಒಂದು ಕಂತೂ ತಪ್ಪಿಸಿದವಳಲ್ಲ. ತನ್ನ ರೆಕಾರ್ಡರನ್ನು ಬೇರೆಯವರು ಮುಟ್ಟಲು ಬಿಟ್ಟದ್ದು ಇದೇ ಮೊದಲು. ಇಷ್ಟು ವರ್ಷಕ್ಕೆ ಅತ್ತೆ ನನ್ನನ್ನು ನಂಬಿದಳಲ್ಲ ಎಂದು ಮೋರಿಯೊಗೆ ಒಳಗೊಳಗೇ ಹಿಗ್ಗಾಗಿತ್ತು.

ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಹೆಂಡತಿ ಸನಾಏ.

“ರೀ, ಟೇಪ್ ಸರಿಯಾಗಿ ಬಂದಿದೆ ತಾನೇ? ಅಮ್ಮ ಬೆಳಗಿನಿಂದ ನನ್ನ ತಲೆ ತಿಂತಿದಾರೆ.”

“ಓ... ಸರಿಯಾಗೇ ಬಂದಿದೆ.”

ಬಾಯಿಂದ ಜಾರಿದ ಆ ಮಾತನ್ನು ಹಿಡಿಯುವಷ್ಟರಲ್ಲಿ ಅತ್ತೆಯ ದನಿ ಬಂತು.

“ಅಳಿಯಂದಿರೇ, ಚಪ್ಪಲಿ ಮೂಸಿದ್ದರ ತನಕ ನಾನೂ ನೋಡ್ದೆ. ಅಷ್ಟೊತ್ತಿಗೆ ನರ್ಸಮ್ಮ ಬಂದು ಒಂಬತ್ತಾಯ್ತು, ಮಲಗಿ ಅಂತ ಟೀವಿ, ದೀಪ ಎಲ್ಲಾ ಆರಿಸ್ಬಿಟ್ಲು. ರಾತ್ರಿಯೆಲ್ಲಾ ಕಣ್ಣಿಗೆ ನಿದ್ದೆ ಹತ್ತಿಲ್ಲ. ಯಾರು ಕೊಂದಿದ್ದು?”

“ಫೋನಲ್ಲಿ ಹೇಳಿದ್ರೆ ಸ್ವಾರಸ್ಯ ಇರಲ್ಲ ಅತ್ತೆ. ಬಂದು ಎದುರಿಗೇ ಹೇಳ್ತೀನಿ.”

“ಅದೂ ಸರಿ ಅನ್ನಿ. ಆದ್ರೆ ಒಂದು ಮಾತು. ಇವತ್ತು ಮಧ್ಯಾಹ್ನ ಆಪರೇಷನ್ನು. ತಿಳ್ಕೊಳ್ದೆ ನಾನು ಒಳಗೆ ಹೋಗೋಳಲ್ಲ. ಹೋದೋಳು ವಾಪಸ್ ಬರ್ದೇ ಇದ್ರೆ? ಕೊಲೆಗಾರ ಯಾರು ಅಂತ ಗೊತ್ತಿಲ್ದೆ ಸಾಯೋಕೆ ನನ್ನ ಕೈಲಾಗಲ್ಲ.”

ತಮಾಷೆಯಾಗಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ನಡುಗಿತು. ಯಾವುದಕ್ಕೂ ಹೆದರದ ಅತ್ತೆ ಹೆದರಿದ್ದಾಳೆಂದು ಮೋರಿಯೊಗೆ ತಿಳಿಯಿತು.

ಸನಾಏ ಫೋನಿಗೆ ಬಾಯಿಟ್ಟು ಪಿಸುಗುಟ್ಟಿದಳು. “ಹಟ ಹಿಡಿದು ಕೂತ್ರೆ ಕಷ್ಟ ರೀ. ಇವತ್ತು ತಪ್ಪಿದ್ರೆ ಮುಂದಿನ ವಾರವೇ ಅಂತೆ. ಅಲ್ಲಿತನಕ ಮೂಳೆ ಕಾಯಲ್ಲ ಅಂತಿದಾರೆ ಡಾಕ್ಟ್ರು. ಬೇಗ ಬನ್ನಿ.”

ಮೋರಿಯೊ ಅಂಗಡಿಯ ಬಾಗಿಲೆಳೆದು ಪಕ್ಕದ ತರಕಾರಿ ಅಂಗಡಿಗೆ ಓಡಿದ. ಅಲ್ಲಿಯ ಮಾಸುಯೋ ಬೀದಿಯ ಸಂಘದ ಮುಖ್ಯಸ್ಥೆ. ಯಾರ ಮನೆಯ ಕಸದಲ್ಲಿ ಏನಿತ್ತೆಂಬುದೂ ಅವಳಿಗೆ ತಿಳಿದಿರುತ್ತಿತ್ತು.

“ಮಾಸುಯೋ ಅಕ್ಕ, ನಿನ್ನೆ ‘ಬಂದರು ಠಾಣೆ’ ನೋಡಿದ್ರಾ?”

“ಇದೇನ್ ಪ್ರಶ್ನೆ! ನೋಡ್ದೆ ಇರ್ತೀನಾ?”

“ಕೊಂದಿದ್ದು ಯಾರು?”

ಮಾಸುಯೋ ಮೂಲಂಗಿ ಜೋಡಿಸುತ್ತಿದ್ದ ಕೈ ನಿಲ್ಲಿಸಿದಳು. ಒಂದು ಗಳಿಗೆ ಆಕಾಶ ನೋಡಿದಳು. “ಎರಡನೇ ಹೆಂಡ್ತಿ. ಇನ್ಯಾರು? ಚಪ್ಪಲಿಗೆ ಅವಳ ಸೆಂಟಿನ ವಾಸನೆ ಹತ್ತಿತ್ತು. ಅವಳು ಅತ್ತಿದ್ದು ನೋಡಿದ್ರಲ್ಲ, ಕಾಡಿಗೆ ಒಂದು ಚೂರಾದ್ರೂ ಕರಗಿತ್ತಾ?”

ಮೋರಿಯೊಗೆ ಹೋದ ಜೀವ ಬಂದಂತಾಯಿತು. ಬಗ್ಗಿ ಬಗ್ಗಿ ನಮಸ್ಕರಿಸಿ, ಆಸ್ಪತ್ರೆಗೆ ಹೋಗುವ ಮೊದಲು ಗಡ್ಡವನ್ನಾದರೂ ತೆಗೆಸೋಣವೆಂದು ಎದುರಿನ ಕ್ಷೌರದಂಗಡಿಗೆ ಹೊಕ್ಕ. ಖುಷಿ ತಡೆಯಲಾರದೆ ಬಾಯಿಬಿಟ್ಟ.

“ಆ ಎರಡನೇ ಹೆಂಡ್ತಿ ಎಂಥಾ ಘಾಟಿ ನೋಡಿ ನೊಗಾಮಿ ಅವ್ರೆ!”

ಕ್ಷೌರಿಕ ನೊಗಾಮಿ ಕತ್ತಿ ಮಸೆಯುತ್ತ ನಕ್ಕ. “ಹೆಂಡ್ತೀನಾ? ಯಾರ್ ಹೇಳಿದ್ದು? ಡಾಕ್ಟ್ರು ಕಣ್ರೀ. ಚಪ್ಪಲಿಯಲ್ಲಿ ಔಷಧಿ ವಾಸನೆ. ಅಷ್ಟು ದೊಡ್ಡ ನಟನ್ನ ಕರೆಸಿ ಬರೀ ಕನ್ನಡಕ ಒರೆಸೋಕೆ ಇಟ್ಕೊಳ್ತಾರಾ?”

ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಬಿಸಿ ಟವೆಲು ಹಾಕಿಕೊಂಡು ಮಲಗಿದ್ದವನು ಎದ್ದು ಕೂತ. ಬೀದಿ ಮೂಲೆಯ ಪೊಲೀಸ್ ಚೌಕಿಯ ಇಗಾರಿ.

“ನಾನು ಇಲಾಖೆಯವನಾಗಿ ಹೇಳ್ತೀನಿ, ಕೇಳಿ. ಕೊಂದಿದ್ದು ಅವನ ತಮ್ಮ. ಪೆಟ್ರೋಲ್ ವಾಸನೆ. ಕಾರಿನ ಬಾಗಿಲು ಬಡಿದ ರೀತಿ ನೋಡಿದ್ರಾ? ನಿರಪರಾಧಿಗಳು ಹಾಗೆ ಬಡಿಯಲ್ಲ.”

“ಸೈಕಲ್ ಸೀಟಿನ ಕಳ್ಳ ಸಿಕ್ಕಿಲ್ಲ ಇನ್ನೂ, ಇಲಾಖೆ ಅಂತೆ ಇಲಾಖೆ!” ಮೋರಿಯೊನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮಾಸುಯೋ ಕೂಗಿದಳು. “ಸೆಂಟು ಅಂದ್ರೆ ಸೆಂಟು!”

“ಔಷಧಿ!”

“ಪೆಟ್ರೋಲ್!”

ಸೋಪಿನ ನೊರೆ ಹಾರಿತು. ಮೂವರೂ ಕಣ್ಣಾರೆ ಕಂಡವರಂತೆ ಒಬ್ಬರ ಮೇಲೊಬ್ಬರು ಬಿದ್ದರು. ಅರ್ಧ ಗಡ್ಡ ಹೋದ ಮೋರಿಯೊ ನಡುವೆ ಕೂತು ಒಂದು ವಿಷಯ ನೆನಪಿಸಿಕೊಂಡ. ಪ್ರತಿ ಕಂತಿನ ಕೊನೆಗೆ, ಕಡಲಂಚಿನ ಬಂಡೆಯ ಮೇಲೆ, ತಪ್ಪೊಪ್ಪಿಕೊಂಡವರಿಗೆ ಇನ್‌ಸ್ಪೆಕ್ಟರ್ ತಾಚಿಗಿ ಒಂದು ಕರವಸ್ತ್ರ ಕೊಡುತ್ತಾನೆ. ಅದರ ಬಣ್ಣ ಪ್ರತಿ ಸಲ ಬೇರೆ. ಮನೆಅಳಿಯನಾಗಿ ಬಂದಾಗಿನಿಂದ ಮೋರಿಯೊ ಗೋಡೆಯಾಚೆಯಿಂದ ಕೇಳುತ್ತಿದ್ದುದೇ ಆ ಬಣ್ಣದ ಬಗ್ಗೆ ಅತ್ತೆ ಮಾಡುವ ವಿಮರ್ಶೆ.

“ನಿನ್ನೆ ಕರವಸ್ತ್ರ ಯಾವ ಬಣ್ಣದ್ದು?” ಎಂದ.

ನೊಗಾಮಿ ಕತ್ತಿಯ ಅಲಗು ನೋಡಿದ. ಇಗಾರಿ ಟವೆಲನ್ನು ಮತ್ತೆ ಮುಖಕ್ಕೆ ಎಳೆದುಕೊಂಡ. ಕೊನೆಗೆ ಮಾಸುಯೋ ಗೊಣಗಿದಳು.

“ಯಜಮಾನ್ರು ಬೇಸ್‌ಬಾಲ್ ಸುದ್ದಿ ನೋಡ್ಬೇಕು ಅಂತ ಚಾನೆಲ್ ತಿರುಗಿಸ್ಬಿಟ್ರು. ಇಪ್ಪತ್ತೊಂದು ವರ್ಷ ನೋಡಿದೋಳು, ಗೊತ್ತಿಲ್ಲ ಅಂತ ಹೆಂಗ್ರೀ ಹೇಳ್ಲಿ?”

ನೊಗಾಮಿಯ ಟೇಪೂ ಮೋರಿಯೊನ ಟೇಪಿನಂತೆಯೇ “ಓಹೋ” ಎಂದು ನಿಂತಿತ್ತು. ಇಗಾರಿ ಡ್ಯೂಟಿಯಲ್ಲಿದ್ದ, ಒಂದು ದೃಶ್ಯವನ್ನೂ ನೋಡಿರಲಿಲ್ಲ. ಬೆಳಗಿನಿಂದ ಕ್ಷೌರದಂಗಡಿಯಲ್ಲಿ ಕಿವಿಗೆ ಬಿದ್ದದ್ದರ ಮೇಲೆಯೇ ಪತ್ತೆ ಹಚ್ಚಿದ್ದ.

ಮೋರಿಯೊ ಅಲ್ಲಿಂದಲೇ ಟೀವಿ ಕೇಂದ್ರಕ್ಕೆ ಫೋನು ಮಾಡಿದ. ಎತ್ತಿಕೊಂಡ ಹೆಣ್ಣುಮಗಳ ದನಿ ಜೇನಿನಂತಿತ್ತು. “ಕ್ಷಮಿಸಬೇಕು, ಕತೆಯ ಅಂತ್ಯವನ್ನು ನಾವು ಬಹಿರಂಗ ಮಾಡುವ ಹಾಗಿಲ್ಲ.”

“ಅಮ್ಮಾ, ಒಂದು ಜೀವದ ಪ್ರಶ್ನೆ!”

“ತಮ್ಮ ಅಭಿಮಾನಕ್ಕೆ ಧನ್ಯವಾದಗಳು. ಮಧ್ಯಾಹ್ನದ ಮರುಪ್ರಸಾರದಲ್ಲಿ ದಯವಿಟ್ಟು ವೀಕ್ಷಿಸಿ.”

“ಯಾವತ್ತು ಅದು?”

“ಬಹುಶಃ ಮುಂದಿನ ವರ್ಷ ಬಿಟ್ಟು ಅದರ ಮುಂದಿನ ವರ್ಷ.”

ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ಒರಟಾಗಿ, ಮೋರಿಯೊ ಬಸ್ಸು ಹತ್ತಿದ. ನಿಜ ಹೇಳಿಬಿಡೋಣ ಎಂದುಕೊಂಡ. ಹೇಳಿದರೆ ಅತ್ತೆ ಮಂಚ ಬಿಟ್ಟು ಕದಲುವುದಿಲ್ಲ. ಸುಳ್ಳು ಹೇಳೋಣವೆಂದರೆ ಯಾರ ಹೆಸರು ಹೇಳುವುದು? ಹೆಂಡತಿ, ಡಾಕ್ಟರು, ತಮ್ಮ, ಈ ಮೂವರನ್ನೂ ಅತ್ತೆ ಆಗಲೇ ಅಳೆದು ಬಿಟ್ಟಿರುತ್ತಾಳೆ. ಯೋಚಿಸುತ್ತ ಮೂಗು ಉಜ್ಜಿಕೊಂಡ. ಕೈ ಗಮ್ಮೆಂದಿತು. ಬೆಳಗ್ಗೆ ತೌಡು ಮಗುಚಿದ ಕೈ, ಎಷ್ಟು ತೊಳೆದರೂ ಹುಳಿ ವಾಸನೆ ಬಿಟ್ಟಿರಲಿಲ್ಲ.

“ಓಹೋ!” ಎಂದ ಮೋರಿಯೊ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ವಾರ್ಡಿನ ಬಾಗಿಲು ಸರಿಸಿದರೆ ಒಂದಲ್ಲ, ಆರು ಮಂಚದ ಆರೂ ಮುದುಕಿಯರು ಕತ್ತು ಚಾಚಿ ಕಾಯುತ್ತಿದ್ದರು. ಎಲ್ಲರ ಟೀವಿಯನ್ನೂ ನರ್ಸಮ್ಮ ಒಟ್ಟಿಗೇ ಆರಿಸಿದ್ದಳು.

“ಬಂದ್ರು, ಬಂದ್ರು! ಕಿವಿ ಮಷೀನ್ ಹಾಕ್ಕೊಳ್ರೇ,” ಎಂದಳು ಅತ್ತೆ. “ಹೇಳಿ ಅಳಿಯಂದಿರೇ. ಎಲ್ಲಿಂದ? ಚಪ್ಪಲಿಯಿಂದ.”

ಮೋರಿಯೊ ಗಂಟಲು ಸರಿಮಾಡಿಕೊಂಡ. “ಚಪ್ಪಲಿಯಲ್ಲಿ ತೌಡಿನ ವಾಸನೆ ಇತ್ತು.”

“ಅಡಿಗೆ ಮುದುಕಿ!” ಆರೂ ಬಾಯಿಗಳು ಒಟ್ಟಿಗೆ ತೆರೆದವು.

ಅಲ್ಲಿಂದ ಮುಂದಕ್ಕೆ ಅವನ ನಾಲಿಗೆಗೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಛತ್ರದಲ್ಲಿ ನಾಲ್ಕು ತಲೆಮಾರಿನಿಂದ ಬಂದ ಒಂದು ತೌಡಿನ ತೊಟ್ಟಿ. ನಲವತ್ತು ವರ್ಷ ದಿನವೂ ಅದನ್ನು ಮಗುಚಿದ ಮುದುಕಿ. ಹೊಸ ಮಾಲೀಕನಿಗೆ ಅದರ ವಾಸನೆ ಆಗದು, ಪೇಟೆಯಿಂದ ಡಬ್ಬದ ಉಪ್ಪಿನಕಾಯಿ ತರಿಸಿ ತೊಟ್ಟಿಯನ್ನು ಕೊಳಕ್ಕೆ ಸುರಿಯಲು ಹೋದ. ಮುದುಕಿ ತಡೆದಳು, ಅವನು ನೂಕಿದ, ಅವಳೂ ನೂಕಿದಳು. ಆಮೇಲೆ ಕಡಲಂಚಿನ ಬಂಡೆ, ಗಾಳಿ, ಕೆಳಗೆ ಅಲೆ. ‘ಸಾಹೇಬ್ರೆ, ಮನುಷ್ಯರಾದ್ರೆ ಒಂದಿನ ಊಟ ಬಿಟ್ಟು ಬದುಕ್ತಾರೆ. ಅದನ್ನ ಒಂದಿನ ಮುಟ್ಟದೇ ಇದ್ರೂ ಸತ್ತುಹೋಗುತ್ತೆ’ ಎಂದು ಅತ್ತ ಮುದುಕಿಗೆ ಇನ್‌ಸ್ಪೆಕ್ಟರು ಕರವಸ್ತ್ರ ಕೊಟ್ಟು, ‘ಜೈಲಿನಿಂದ ಬರೋ ತನಕ ತೊಟ್ಟಿಯನ್ನ ನಾನು ಮಗುಚ್ತೀನಿ’ ಎಂದ.

“ಕರವಸ್ತ್ರ ಯಾವ ಬಣ್ಣ?” ಅತ್ತೆಯ ಕಣ್ಣು ಒದ್ದೆಯಾಗಿತ್ತು.

“ಮಾಸಲು ಹಳದಿ. ತೌಡಿನ ಬಣ್ಣ.”

ವಾರ್ಡಿಡೀ ಮೂಗು ಸೀನಿತು. ಸನಾಏ ಕೂಡ ಸೆರಗಿಲ್ಲದ್ದಕ್ಕೆ ತೋಳಿಗೇ ಕಣ್ಣೊರೆಸಿಕೊಂಡಳು. ಅತ್ತೆಯನ್ನು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ, ಅರಿವಳಿಕೆ ಕೊಡುವ ಎಳೆ ಡಾಕ್ಟರು ಮಾತ್ರ ಏನೋ ಹೇಳಹೊರಟು, ತುಟಿ ಬಿಗಿಹಿಡಿದು, ಸಣ್ಣಗೆ ನಕ್ಕ.

“ನಡೀರಿ, ಈಗ ಬೇಕಾದ್ದು ಮಾಡ್ಕೊಳ್ಳಿ,” ಎಂದು ಅತ್ತೆ ರಾಣಿಯಂತೆ ಗಾಲಿ ಮಂಚ ಏರಿದಳು. ಹೋಗುತ್ತ ಅಳಿಯನ ಕೈ ಹಿಡಿದಳು. ಆ ಕೈಯ ವಾಸನೆ ಅವಳಿಗೂ ತಟ್ಟಿರಬೇಕು, “ದಿನಾ ಮಗುಚ್ತಿದೀರಿ ಹಾಗಾದ್ರೆ,” ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಅವನ ಕೈ ಹಿಡಿದವಳಲ್ಲ. ಮೋರಿಯೊ ಗಾಲಿ ಮಂಚದ ಹಿಂದೆಯೇ ಆಪರೇಷನ್ ಕೋಣೆಯ ಬಾಗಿಲ ತನಕ ಹೋದ. ಹೊರಗಿನ ಬೆಂಚಿನ ಮೇಲೆ ಕೂತು, ಅವಳು ಎದ್ದು ಬರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದ.

ಆಪರೇಷನ್ ಸುಸೂತ್ರವಾಯಿತು. ಸಂಜೆ ಅವನು ಒಳಗೆ ಹೋದಾಗ ಅತ್ತೆ ಕಣ್ಣು ಬಿಟ್ಟುಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಮಲಗಿದ್ದಳು. ಉಳಿದ ಐವರು ಅವನನ್ನು ನೋಡಿ ಹೊದಿಕೆಯೊಳಗೆ ಕಿಸಕ್ಕೆಂದರು.

“ಹೇಗಿದೀರಿ ಅತ್ತೆ? ಈಗ ಎಚ್ಚರ ಆಯ್ತಾ?”

“ಎಚ್ಚರ ತಪ್ಪಿದ್ದು ಯಾವಾಗ? ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸ್ತಾರೆ. ಮೇಲಿಂದೆಲ್ಲಾ ಚೆನ್ನಾಗೇ ಇತ್ತು, ಬಾಯಿ ಸಹಿತ.”

“ಓ...”

“ಆ ಎಳೆ ಡಾಕ್ಟ್ರು ಅನ್ನೋ ಮಗು ಬಾಗಿಲಲ್ಲಿ ನಿಂತು ನಕ್ಕಾಗ್ಲೇ ನನಗೆ ಅನುಮಾನ ಬಂತು. ನನ್ನ ತಲೆ ಹತ್ರವೇ ಕೂತಿತ್ತು, ತಪ್ಪಿಸ್ಕೊಂಡು ಹೋಗೋ ಹಾಗಿರಲಿಲ್ಲ. ವಿಚಾರಣೆ ಶುರು ಮಾಡ್ದೆ. ಮೂಳೆಗೆ ಮೊಳೆ ಹೊಡೆಯೋ ಹೊತ್ತಿಗೆ ಎಲ್ಲಾ ಬಾಯಿಬಿಡ್ತು. ಪಾಪ, ನಿನ್ನೆ ಪೂರ್ತಿ ಕಂತು ನೋಡಿತ್ತಂತೆ.”

ಮೋರಿಯೊ ತಲೆ ತಗ್ಗಿಸಿದ. ಅತ್ತೆ ದಿಂಬಿನ ಕೆಳಗಿನಿಂದ ಮಡಿಸಿದ ಕರವಸ್ತ್ರವೊಂದನ್ನು ತೆಗೆದು ಅವನ ಮುಂದೆ ಚಾಚಿದಳು.

“ತಗೊಳ್ಳಿ.”

ಅವನು ಎರಡೂ ಕೈಗಳಿಂದ ಇಸಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡ. ಬೇಸ್‌ಬಾಲ್, ನಿದ್ದೆ, ಬಿಳಿ ಚುಕ್ಕೆ, ಒಂದನ್ನೂ ಬಿಡಲಿಲ್ಲ. ಎದುರಿಗೆ ಕಡಲೊಂದು ಇರಲಿಲ್ಲ, ಅಷ್ಟೇ.

“ನಿಜ ಹೇಳ್ಬೇಕಂದ್ರೆ ಅವರ ಕತೆಗಿಂತ ನಿಮ್ಮ ಕತೆಯೇ ಚೆನ್ನಾಗಿತ್ತು,” ಎಂದಳು ಅತ್ತೆ. “ಅದನ್ನ ಕೇಳ್ದೆ ಇದ್ದಿದ್ರೆ ನಾನು ಆ ಬಾಗಿಲು ದಾಟ್ತಿರ್ಲಿಲ್ಲ. ಆದ್ರೂ ಏನೂ ಅರಿಯದ ಒಂದು ಮುದುಕಿಯನ್ನ ಜೈಲಿಗೆ ಕಳಿಸಿದ್ರಲ್ಲ ನೀವು!”

“ಅಂದ್ರೆ ಅವಳಲ್ವಾ? ಮತ್ಯಾರು ಅತ್ತೆ?”

ಅತ್ತೆ ಕಣ್ಣು ಮುಚ್ಚಿದಳು.

“ಹೋಗ್ಲಿ, ಆ ಚಪ್ಪಲಿಗೆ ಏನು ವಾಸನೆ ಇತ್ತು ಅಂತಾದ್ರೂ ಹೇಳಿ.”

“ಫೋನಲ್ಲಿ ಹೇಳಿದ್ರೆ ಸ್ವಾರಸ್ಯ ಇರಲ್ಲ ಅಂದಿದ್ರಿ. ಎದುರಿಗೆ ಹೇಳಿದ್ರೂ ಇರಲ್ಲ. ಮರುಪ್ರಸಾರದಲ್ಲಿ ನೋಡ್ಕೊಳ್ಳಿ.”

ಅವನು ಐದೂ ಮಂಚಗಳ ಕಡೆ ಆಸೆಯಿಂದ ತಿರುಗಿದ. ಐವರೂ ಹೊದಿಕೆಯನ್ನು ಮೂಗಿನ ತನಕ ಎಳೆದುಕೊಂಡರು. ಡಾಕ್ಟರನ್ನು ಹುಡುಕಿದರೆ, ಅಜ್ಜಿಗೆ ಮಾತು ಕೊಟ್ಟಿದ್ದೇನೆ ಎಂದು ಕೈಮುಗಿದು ಲಿಫ್ಟಿನೊಳಗೆ ಮಾಯವಾದ.

ಇಷ್ಟು ವರ್ಷ ‘ಬಂದರು ಠಾಣೆ’ಯ ಕಡೆ ತಿರುಗಿಯೂ ನೋಡದ ಮೋರಿಯೊ ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿದ. ಸೆಂಟೋ? ಔಷಧಿಯೋ? ಪೆಟ್ರೋಲೋ? ಮನೆಗೆ ಬಂದು ಹೊಸಲಲ್ಲಿ ಬೂಟು ಬಿಚ್ಚಿದ. ಎಡಗಾಲಿನದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದುಕೊಂಡ.

“ರೀ! ಏನ್ ಮಾಡ್ತಿದೀರಿ?” ಎಂದಳು ಹಿಂದೆಯೇ ಬಂದ ಸನಾಏ.

ಓಹೋ ಎನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅವನು ಬೂಟನ್ನು ಕೆಳಗಿಟ್ಟು, ಇನ್ನೊಮ್ಮೆ ತೌಡು ಮಗುಚಲು ಒಳಗೆ ಹೋದ.