ಕೈ ಮೊದಲು, ಮಾತು ಆಮೇಲೆ

ತಪ್ಪೆಲ್ಲ ಹಾಸಿಗೆಯ ಎದುರು ಗೋಡೆಗೆ ಅಂಟಿಸಿದ್ದ ಸೂಚನೆಯದ್ದು. ಹರ್ನಿಯಾ ಆಪರೇಷನ್ ಆಗಿ ಮಲಗಿದ್ದ ಕಾರ್ಯದರ್ಶಿಗಳಿಗೆ ಓದಲು ಬೇರೇನೂ ಸಿಕ್ಕಿರಲಿಲ್ಲ. ‘ಮೂತ್ರದ ಪೈಪಿನಿಂದ ಸೋಂಕು ತಗುಲದಿರಲು ಕೈ ತೊಳೆಯದೆ ಮುಟ್ಟಬೇಡಿ. ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪೈಪು ಇನ್ನೂ ಬೇಕೇ ಎಂದು ದಿನವೂ ಕೇಳಿ.’ ಒಂಬತ್ತು ವರ್ಷ ಅಪಾರ್ಟ್‌ಮೆಂಟ್ ಸಂಘವನ್ನು ಬರೀ ನಿಯಮ ಹೇಳಿಯೇ ಗಡಗಡ ನಡುಗಿಸಿದ ಮನುಷ್ಯನಿಗೆ ಇದು ಸಿಕ್ಕರೆ ಕೇಳಬೇಕೆ!

ಅವತ್ತು ಸಂಜೆ ಆರಕ್ಕೆ ಸಂಘದ ಚುನಾವಣೆ. ಅಭ್ಯರ್ಥಿ ಖುದ್ದಾಗಿ ಹಾಜರಿರಬೇಕೆಂಬ ನಿಯಮ ಮಾಡಿದವರೂ ಇವರೇ. ಹೋಗದಿದ್ದರೆ ಕೆಳಮನೆಯ ಹಲ್ಲಿನ ಡಾಕ್ಟರು ಅವಿರೋಧವಾಗಿ ಗೆದ್ದ ಹಾಗೆಯೇ. ಹೋಗಬೇಕಾದರೆ ಇವರಿಗೆ ಹಾಕಿದ್ದ ಮೂತ್ರದ ಪೈಪು ತೆಗೆಯಬೇಕು, ಆಮೇಲೆ ತಾವಾಗಿಯೇ ಮೂತ್ರ ಮಾಡಿ ತೋರಿಸಬೇಕು. ಅಲ್ಲಿಯವರೆಗೆ ಮನೆಗೆ ಕಳಿಸುವುದಿಲ್ಲ.

“ಜ್ವರ ಗಿರ ಬಂತೋ, ಇನ್ನೊಂದು ವಾರ ಇಲ್ಲೇ ಕೊಳೀಬೇಕು. ಒಂದು ಕ್ರಿಮಿನೂ ಹತ್ರ ಸುಳೀಬಾರ್ದು!” ಎಂದು ಗುಡುಗಿದರು.

“ನಿಮ್ಮ ಬಾಯಿ ಕೇಳಿದ್ರೆ ಸಾಕು ರೀ, ಅದೇ ಓಡಿಹೋಗುತ್ತೆ,” ಎಂದರು ಹೆಂಡತಿ.

ಬೆಳಗ್ಗೆ ಎಂಟೂವರೆಗೆ ಸಿಸ್ಟರ್ ತಟ್ಟೆ ಹಿಡಿದು ಬಂದಳು.

“ನಿಲ್ಲಿ! ಈಗ ತಾನೆ ಫೋನ್ ಹಿಡಿದಿದ್ರಿ. ಕೈ ತೊಳ್ಕೊಂಡು ಬನ್ನಿ.”

“ಅಲ್ಲ ಸರ್, ನಾನು ಬಂದಿದ್ದು...”

“ಕೈ ಮೊದಲು, ಮಾತು ಆಮೇಲೆ!”

ಪಾಪ, ತೊಳೆದು ಬಂದಳು. ಮರೆಗೆಂದು ಪರದೆ ಎಳೆದಳು.

“ಆ ಪರದೆ ಎಷ್ಟು ಜನ ಮುಟ್ಟಿರ್ತಾರೆ ಗೊತ್ತೇನ್ರೀ? ಮತ್ತೆ ತೊಳೀರಿ!”

ಅಷ್ಟರಲ್ಲಿ ಬೇರೆ ರೋಗಿ ಕರೆದ. ಅವಳು ಅತ್ತ ಓಡಿದಳು.

ಮಧ್ಯಾಹ್ನ ಭಾವಮೈದುನ ಬಂದ. ಮಂಚದ ಪಕ್ಕ ನೇತಾಡುವ ಚೀಲ ಕಂಡು ಅವನಿಗೆ ನಾಚಿಕೆಯಾಯಿತು. ಎತ್ತಿ ದಿಂಬಿನ ಪಕ್ಕ ಇಟ್ಟ.

“ನಾಲ್ಕು ಜನ ಓಡಾಡೋ ಜಾಗ ಭಾವ, ಚೆನ್ನಾಗಿರಲ್ಲ.”

“ಇಳಿಸೋ! ಅದೆಲ್ಲ ವಾಪಸ್ ಒಳಗೆ ಹರಿದ್ರೆ ನಿಮ್ಮಪ್ಪ ಬರ್ತಾನಾ?”

ಅವನು ಹೆದರಿ ನೆಲಕ್ಕಿಟ್ಟ.

“ನೆಲ! ಅಯ್ಯೋ, ನೆಲ ಕಣೋ!”

ವಾರ್ಡಿಗೆ ವಾರ್ಡೇ ಎದ್ದು ಕೂತಿತು. ಅದೇ ಹೊತ್ತಿಗೆ ಸಿಸ್ಟರ್ ಗ್ಲೌಸ್ ಹಾಕಿಕೊಂಡು ಮೂರನೇ ಸಲ ಬಂದಳು.

“ಅದೇ ಗ್ಲೌಸಲ್ಲಿ ಬಾಗಿಲು ತಳ್ಳಿದ್ದನ್ನ ಕಣ್ಣಾರೆ ನೋಡ್ದೆ!”

ಅವಳು ಚೀಲವನ್ನು ಮತ್ತೆ ಮಂಚದ ಕೊಕ್ಕೆಗೆ ಸಿಕ್ಕಿಸಿ ಹೊರಟುಹೋದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ಯಾರು ಏಗುತ್ತಾರೆ?

ನಾಲ್ಕೂವರೆಗೆ ದೊಡ್ಡ ಡಾಕ್ಟರು ಬಂದರು. ಕಾರ್ಯದರ್ಶಿಗಳು ಎದ್ದು ಕೂತು ಸಭೆಯಲ್ಲಿ ಮಾತಾಡುವ ದನಿ ತೆಗೆದರು. “ಪೈಪು ಬೇಕೇ ಬೇಡವೇ ಅಂತ ದಿನಾ ಕೇಳ್ಬೇಕು ಅಂತ ನೀವೇ ಬರೆದು ಅಂಟಿಸಿದ್ದೀರಿ. ಬೆಳಗ್ಗಿಂದ ಒಬ್ಬರಾದ್ರೂ ಕೇಳಿದ್ರಾ? ಇದು ಯಾಕೆ ಇನ್ನೂ ಇಲ್ಲೇ ಇದೆ?”

“ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ,” ಎಂದು ಡಾಕ್ಟರು ಕಡತ ತಿರುಗಿಸಿದರು. “ಎಂಟು ಗಂಟೆಗೇ ತೆಗೀರಿ ಅಂತ ಬರೆದಿದ್ದೀನಲ್ಲ, ಸಿಸ್ಟರ್?”

“ತೆಗೆಯೋಕೇ ಮೂರು ಸಲ ಬಂದೆ ಸರ್. ಇವರು ಮುಟ್ಟೋಕೆ ಬಿಡ್ಲಿಲ್ಲ.”

ವಾರ್ಡು ನಕ್ಕಿತು. ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡರು. ಸಿಸ್ಟರ್ ಎಲ್ಲರೆದುರೇ ಕೈ ತೊಳೆದು ಬಂದಳು. ಅರ್ಧ ನಿಮಿಷಕ್ಕೆ ಪೈಪು ಹೊರಗೆ.

ಇನ್ನು ಮೂತ್ರ ಬರಬೇಕು. ಬಿಂದಿಗೆಗಟ್ಟಲೆ ನೀರು ಕುಡಿದರು. ಭಾವಮೈದುನ ನಲ್ಲಿ ಬಿಟ್ಟ. ಪಕ್ಕದ ಹಾಸಿಗೆಯವನು ಸಿಳ್ಳೆ ಹೊಡೆದ. ಐದೂವರೆ, ಐದೂಮುಕ್ಕಾಲು, ಆರು... ಹನಿಯೂ ಇಲ್ಲ.

ಆರೂ ಹತ್ತಕ್ಕೆ ಹೆಂಡತಿಯ ಫೋನು ಬಡಿದುಕೊಂಡಿತು. “ರೀ, ಆ ಹಲ್ಲಿನ ಡಾಕ್ಟರು ಗೆದ್ದರಂತೆ. ಅವಿರೋಧವಾಗಿ.”

“ಏನಂದೆ?” ಎಂದು ಗರ್ಜಿಸಿದವರು, ಗರ್ಜನೆ ಮುಗಿಯುವ ಮೊದಲೇ ಹೊಟ್ಟೆ ಹಿಡಿದು ಬಚ್ಚಲಿಗೆ ಧಾವಿಸಿದರು.

ಸಿಸ್ಟರ್ ಅಳತೆ ನೋಡಿ ಮುಖವರಳಿಸಿದಳು. “ಮುನ್ನೂರೈವತ್ತು ಎಂ.ಎಲ್.! ಇನ್ನು ಧಾರಾಳವಾಗಿ ಮನೆಗೆ ಹೋಗ್ಬಹುದು ಸರ್.”

“ಯಾವ ಮನೆಗೆ?” ಕಾರ್ಯದರ್ಶಿಗಳು ಮಂಚ ಹತ್ತಿ ಮುಸುಕೆಳೆದರು. “ಅವನ ರಾಜ್ಯಕ್ಕೆ ನಾನು ಕಾಲಿಡಲ್ಲ. ಪೈಪು ವಾಪಸ್ ಹಾಕ್ರೀ!”