ಕೊಬ್ಬರಿ ಬಟ್ಟಲಿನ ಕೆಳಗೆ ಸಿಕ್ಕಿಬಿದ್ದ ಗಾಳಿ

ಅಮಾವಾಸ್ಯೆಯ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಅತ್ತೆ ಒಂದು ಕೊಬ್ಬರಿ ಬಟ್ಟಲನ್ನು ಕೈಗೆತ್ತಿಕೊಂಡರು. ಅನಾಹುತ ಶುರುವಾದದ್ದು ಆಗ. ಗಂಟೆ ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ನನಗೆ ಹೊಟ್ಟೆ ಹಸಿದಿತ್ತು, ಗಡಿಯಾರವನ್ನೇ ನೋಡುತ್ತಿದ್ದೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಹಿಟ್ನಾಳದ ಹೋಟೆಲಿನ ಮಿರ್ಚಿ ಭಜಿ ಮುಗಿದುಹೋದೀತೆಂಬುದೇ ಆಗ ನನಗಿದ್ದ ದೊಡ್ಡ ಭಯ. ನನ್ನೊಳಗೆ ಇನ್ನೂ ದೊಡ್ಡ ಭಯಕ್ಕೆ ಜಾಗವಿದೆಯೆಂದು ಯಾರೂ ಹೇಳಿರಲಿಲ್ಲ.

ನನ್ನ ಹೆಂಡತಿಯ ತಮ್ಮ ವೀರೇಶ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಪೈಪಿನೊಳಗೆ ಅಕ್ಕಿಯನ್ನು ಗಾಳಿಯಿಂದ ದೂಡುವ ಹಳೆಯದೊಂದು ಬ್ಲೋವರ್ ಗಿರಣಿಯ ಗುಜರಿಯಲ್ಲಿ ಬಿದ್ದಿತ್ತು. ಮಾಲೀಕರನ್ನು ಕೇಳಿ ಅದನ್ನು ತಂದವನು ತನ್ನ ಮುದಿ ಕಾರಿನ ಎಂಜಿನ್ನಿಗೆ ಬೆಲ್ಟು ಹಾಕಿ ಜೋಡಿಸಿಬಿಟ್ಟ. "ಮಾಮಾ, ಫಾರಿನ್ ಗಾಡಿಯೊಳಗ ಇದಕ್ಕ ಸೂಪರ್‌ಚಾರ್ಜರ್ ಅಂತಾರ್ರಿ. ನಮ್ಮೊಳಗ ಅಕ್ಕಿ ಊದತೈತಿ, ಅಷ್ಟ ಫರಕು" ಎಂದ.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಆದರೂ ವೀರೇಶ ವಿವರಿಸಿದ್ದು ಚೆನ್ನಾಗಿಯೇ ಅರ್ಥವಾಯಿತು. ಎಂಜಿನ್ ತಾನಾಗಿ ಎಳೆದುಕೊಂಡ ಗಾಳಿಗೆ ತಕ್ಕಷ್ಟು ಮಾತ್ರ ಪೆಟ್ರೋಲ್ ಉರಿಸಬಲ್ಲದು. ಸೂಪರ್‌ಚಾರ್ಜರ್ ಅದರ ಬಾಯಿಗೆ ಇನ್ನಷ್ಟು ಗಾಳಿಯನ್ನು ಒತ್ತಿ ತುಂಬುತ್ತದೆ, ಹಬ್ಬದ ದಿನ ಬೇಡವೆಂದರೂ ಅಳಿಯನ ಎಲೆಗೆ ಹೋಳಿಗೆ ಹಾಕುವ ಅತ್ತೆಯ ಹಾಗೆ. ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಿದೆ ಎಂಬುದೇ ಬೂಸ್ಟ್. ಮೀಟರಿನ ಮುಳ್ಳು ಸೊನ್ನೆ ತೋರಿಸಿದರೆ ಗಾಳಿಯೇ ಇಲ್ಲವೆಂದಲ್ಲ, ಊರಿಗೆಲ್ಲ ಸಿಕ್ಕಷ್ಟೇ ನಮಗೂ ಸಿಕ್ಕಿದೆ ಎಂದು. ಕಾರು ಜೋರಾದಷ್ಟೂ ಬ್ಲೋವರ್ ಜೋರು, ಮುಳ್ಳು ಮೇಲೆ. ಒತ್ತಿದ ಗಾಳಿ ಕಾಯುತ್ತದೆ. ಅತಿಯಾದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಎಂಜಿನ್ನನ್ನು ಒಳಗಿನಿಂದಲೇ ಸುತ್ತಿಗೆಯಲ್ಲಿ ಬಡಿದಂತಾಗುತ್ತದೆ. ಆದ್ದರಿಂದ ಹೆಚ್ಚಾದ ಗಾಳಿ ಸುಸ್ಸೆಂದು ಹೊರಹೋಗಲು ಒಂದು ಕವಾಟ. ವೀರೇಶ ಅದನ್ನು ಹಿತ್ತಾಳೆಯಲ್ಲಿ ಮಾಡಿಸಿ ಫಳಫಳ ಉಜ್ಜಿದ್ದ.

ತಪ್ಪಾದದ್ದು ಆ ಉಜ್ಜಿದ್ದರಿಂದಲೇ. ನಮ್ಮ ಕಡೆ ಹೊಸ ಯಂತ್ರಕ್ಕೆ ಅಮಾವಾಸ್ಯೆಯ ಪೂಜೆ ತಪ್ಪದು. ಅತ್ತೆ ಶರಣಮ್ಮ ಬಾನೆಟ್ಟಿನೊಳಗೆ ಇಣುಕಿ, ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತ ಬಾಯಿ ತೆರೆದುಕೊಂಡಿದ್ದ ಕವಾಟವನ್ನು ಕಂಡರು. "ಅಯ್ಯ, ಬಾಯಿ ತಕ್ಕೊಂಡು ಕುಂತೈತಿ. ಮೊದಲ ಇದಕ್ಕ ದೃಷ್ಟಿ ಆಗೂದು" ಎಂದು ಕೊಬ್ಬರಿ ಬಟ್ಟಲನ್ನು ಬೋರಲು ಹಾಕಿದರು. ಅಳತೆ ತೆಗೆದು ಮಾಡಿಸಿದ ಮುಚ್ಚಳದಂತೆ ಕೂತಿತು. ಮೇಲೆ ಉಪ್ಪು, ಸಾಸಿವೆ ಇಟ್ಟು ಕೆಂಪು ಬಟ್ಟೆ ಸುತ್ತಿದರು. ನೂಲು ಸುಟ್ಟುಹೋಗುತ್ತದೆಂಬ ದೂರಾಲೋಚನೆಯಿಂದ ತಂತಿ ಬಿಗಿದು ಬಾನೆಟ್ಟು ಮುಚ್ಚಿದರು. ವೀರೇಶ ಹಿಂದಿನ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದ. ನಾನು ಗಡಿಯಾರ ನೋಡುತ್ತಿದ್ದೆ.

ಹಿಟ್ನಾಳದ ಕಡೆ ಹೊರಟೆವು. ಅತ್ತೆ ಹಿಂದೆ, ನಾನು ಮುಂದೆ. ವೀರೇಶ ರಸ್ತೆ ನೋಡಬೇಕಾದ್ದರಿಂದ ಮೀಟರ್ ಓದುವ ಕೆಲಸ ನನ್ನದು. ಮುಳ್ಳು ಏರತೊಡಗಿತು. ಏರುವುದೆಲ್ಲ ಲಾಭವೆಂದು ವರ್ಷಗಟ್ಟಲೆ ಕಲಿಸಿದವನು ನಾನು. "ಶಾಬ್ಬಾಸ್! ಏರಾಕತ್ತೈತಿ, ಏರಾಕತ್ತೈತಿ!" ಎಂದು ತೊಡೆ ತಟ್ಟಿದೆ. ವೀರೇಶ ಹುರುಪಿನಿಂದ ಇನ್ನಷ್ಟು ತುಳಿದ. ಮುಳ್ಳು ಕೆಂಪು ಗೆರೆ ದಾಟಿತು. ನಾನು ಇನ್ನೊಂದು ಶಾಬ್ಬಾಸ್ ಹೇಳಿದೆ.

ಟಕಟಕ ಬಡಿತ ಕೇಳಿತು. ಆಮೇಲೆ ಢಮ್ಮೆಂದಿತು. ಗಾಳಿಯ ಪೈಪು ಕಿತ್ತುಬಂದು ಬಾನೆಟ್ಟಿಗೆ ಬಡಿದು, ಬಾನೆಟ್ಟು ಎದ್ದು ಗಾಜಿಗೆ ಅಪ್ಪಳಿಸಿ, ಎದುರಿನ ಲೋಕವೇ ಮಾಯವಾಯಿತು. ಬಂದದ್ದು ಲಾರಿಯ ಹಾರನ್ನಿನ ಸದ್ದು ಮಾತ್ರ. ವೀರೇಶ ಕಿಟಕಿಯಿಂದ ತಲೆ ಹೊರಹಾಕಿ ಸ್ಟೇರಿಂಗ್ ಎಳೆದ. ಲಾರಿ ಉಜ್ಜಿಕೊಂಡಂತೆ ಹೋಯಿತು. ಕಾರು ನಿಂತಾಗ ಮುಂದಿನ ಎಡಗಾಲಿ ರಸ್ತೆ ಬದಿಯ ಕಾಲುವೆಯ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಕೆಳಗೆ ತುಂಬಿದ ನೀರು. ಆ ಗಾಲಿ ಈಗಲೂ ನನ್ನ ಕಣ್ಣಮುಂದೆ ತಿರುಗುತ್ತದೆ.

ಬಲಗಡೆಯ ಬಾಗಿಲಿಂದ ಒಬ್ಬೊಬ್ಬರಾಗಿ ಇಳಿದು ನೋಡಿದರೆ, ಎಲ್ಲ ಕಿತ್ತುಹೋದ ಎಂಜಿನ್ನಿನ ಮೇಲೆ ಕೆಂಪು ಗಂಟು ಮಾತ್ರ ಕದಲದೆ ಕೂತಿತ್ತು. ಅತ್ತೆ ಕೈಮುಗಿದರು. "ನೋಡ್ರಿ ಅಳಿಯದೇವ್ರ, ನಮ್ಮನ್ನ ಉಳಿಸಿದ್ದು ಇದ!"

ವೀರೇಶ ಗಂಟನ್ನು ಮುಟ್ಟಿದ. ನನ್ನ ಮುಖ ನೋಡಿದ. ಅದರಡಿ ಮುಚ್ಚಿಹೋಗಿದ್ದ ಕವಾಟವನ್ನು ಅತ್ತೆಗೆ ಕಾಣದಂತೆ ಬೆರಳಲ್ಲಿ ತೋರಿಸಿದ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕುಕ್ಕರ್ ಸೀಟಿ ಹಾಕಿದರೆ ನಾನು ಹಿತ್ತಲಿಗೆ ಓಡುತ್ತಿದ್ದೆ. ಸೀಟಿ ಹಾಕದಿದ್ದರೆ ಇನ್ನೂ ಜೋರಾಗಿ ಓಡುತ್ತಿದ್ದೆ. ಅತ್ತ ಅತ್ತೆ ಕುಷ್ಟಗಿಯಿಂದ ಯಲಬುರ್ಗಾದವರೆಗಿನ ನೆಂಟರಿಗೆಲ್ಲ ಫೋನಿನಲ್ಲಿ ಗಂಟಿನ ಮಹಿಮೆ ಸಾರುತ್ತಿದ್ದರು. ಕಾರು ರಿಪೇರಿಯಾಗುತ್ತಿತ್ತು. ಬರುವ ಅಮಾವಾಸ್ಯೆಗೆ ವೀರೇಶ ಹೆಂಡತಿ-ಮಗಳನ್ನು ಕೂರಿಸಿಕೊಂಡು ಬೇವೂರಿಗೆ ಹೋಗುವವನಿದ್ದ. ಅತ್ತೆ ಇನ್ನೂ ದೊಡ್ಡ ಬಟ್ಟಲು ತೆಗೆದಿಟ್ಟಿದ್ದರು.

"ಹೇಳಿಬಿಡೋ" ಎಂದೆ ವೀರೇಶನಿಗೆ.

"ಹೆಂಗ ಹೇಳ್ಲಿ ಮಾಮಾ? ಮಗನ್ನ ನಾನ ಕೊಲ್ಲಾಕ ಹೋಗಿದ್ದೆ ಅಂತ ಅವ್ವ ಊಟಾ ಬಿಡ್ತಾಳ. ಸುಮ್ಮನ ಬಿಚ್ಚಿ ಒಗದ್ರ ಮತ್ತ ಕಟ್ತಾಳ. ನೀವ ಹೇಳ್ರಿ, ಕಲಿಸಾವ್ರು ಅದೀರಿ."

ಮುಂದಿನ ಭಾನುವಾರ ಅತ್ತೆ ನಮ್ಮ ಮನೆಗೆ ಬಂದರು. ಒಲೆಯ ಮೇಲೆ ಕುಕ್ಕರ್ ಇತ್ತು. ನಾನು ಧೈರ್ಯ ಮಾಡಿ, "ಅತ್ತಿ, ಈ ಸೀಟಿ ಮ್ಯಾಲ ಕೊಬ್ಬರಿ ಬಟ್ಟಲಾ ಬಿಗದ್ರ ಏನಾಗ್ತೈತ್ರಿ?" ಎಂದೆ.

"ಹುಚ್ಚರೇನ್ರಿ? ಮನಿ ಹಾರತೈ…"

ಮಾತು ಅಲ್ಲಿಗೇ ನಿಂತಿತು. ಅವರು ಎದ್ದು ಹೋಗಿ ಕುಕ್ಕರಿನ ಒಲೆ ಆರಿಸಿದರು. ಆಮೇಲೆ ಮಗನಿಗೆ ಫೋನು ಹಚ್ಚಿ, "ವೀರೇಶಾ, ಊಟಾ ಮಾಡಿದೇನೋ?" ಎಂದು ಕೇಳಿದರು. ಅವನು ಹ್ಞೂಂ ಎಂದಿರಬೇಕು. "ಹೊಟ್ಟಿ ತುಂಬ ಮಾಡು" ಎಂದು ಫೋನಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

ತುಸು ಹೊತ್ತಿನ ಮೇಲೆ ಅವರ ದೃಷ್ಟಿ ನನ್ನತ್ತ ತಿರುಗಿತು. "ಅಲ್ರಿ, ಮುಳ್ಳು ನೋಡಾಕ ನೀವ ಇದ್ರಲ್ಲ. ಅದು ಕೆಂಪಿಗೆ ಬಂದಾಗ ಏನಂದ್ರಿ?"

"ಶಾಬ್ಬಾಸ್ ಅಂದೆ."

ಅತ್ತೆ ನಕ್ಕರು. ನಗುತ್ತಲೇ ಚೀಲದಿಂದ ಕೆಂಪು ಬಟ್ಟೆ ತೆಗೆದು, ಉಪ್ಪು-ಸಾಸಿವೆ ಹಾಕಿ ಗಂಟು ಕಟ್ಟಿ, ನನ್ನ ಬಲತೋಳಿಗೆ ಬಿಗಿದರು. "ಎಂಜಿನ್ನಿಗೆ ಬ್ಯಾಡ. ಓದಿದವ್ರಿಗೇ ಇದರ ಗರಜು ಭಾಳ ಐತಿ."

ಆ ಭಾನುವಾರ ರಾತ್ರಿ ನಾನು ಬೆಳಗಿನವರೆಗೆ ಒಮ್ಮೆಯೂ ಎಚ್ಚರಾಗದೆ ಮಲಗಿದೆ. ಗಂಟಿನ ಪ್ರಭಾವವೆಂದು ಅತ್ತೆ ಈಗ ಯಲಬುರ್ಗಾಕ್ಕೆ ಫೋನು ಮಾಡುತ್ತಿದ್ದಾರೆ. ಗಂಟನ್ನು ನಾನಿನ್ನೂ ಬಿಚ್ಚಿಲ್ಲ.